ಬೆನ್ನಿನ ಎಂಡೋಸ್ಕೋಪಿ ಶಸ್ತ್ರಚಿಕಿತ್ಸೆ: ಯಾವ ಲೆವೆಲ್ ಎಂದು ಬರೆಸಿಕೊಳ್ಳದೆ ಸಹಿ ಹಾಕಬೇಡಿ

8 ಮಿಲಿಮೀಟರ್ ರಂಧ್ರ, ಅದರೊಳಗೆ ಕ್ಯಾಮೆರಾ, ಒಂದೇ ಹೊಲಿಗೆ, ಮರುದಿನ ಮನೆಗೆ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಮಗೆ ಹೇಳಿದ್ದು ಇಷ್ಟೇ, ಮತ್ತೆ ಮತ್ತೆ ಇಷ್ಟೇ. ಹೇಳಿದವರು ವೈದ್ಯರೂ ಅಲ್ಲ, ಪ್ಯಾಕೇಜ್ ಕುದುರಿಸುವ ಕೌನ್ಸೆಲರ್.

ಅಮ್ಮನಿಗೆ ಬೆನ್ನುಮೂಳೆಯೊಳಗಿನ ನಾಳ ಕಿರಿದಾಗಿತ್ತು. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಕಾಲು ಮರಗಟ್ಟುತ್ತಿತ್ತು. ಯಾರದೋ ಮನೆಯ ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ ಕುಳಿತರೆ ಸರಿಹೋಗುತ್ತಿತ್ತು. ಎಂಆರ್‌ಐ ವರದಿಯಲ್ಲಿ ಎಲ್3-4, ಎಲ್4-5 ಎಂಬ ಎರಡು ಲೆವೆಲ್‌ಗಳಲ್ಲೂ, ಅಂದರೆ ಸೊಂಟದ ಬೆನ್ನುಮೂಳೆಗಳ ನಡುವಿನ ಎರಡು ಜಾಗಗಳಲ್ಲೂ, ನರಕ್ಕೆ ತೀವ್ರ ಒತ್ತಡವೆಂದು ಸ್ಪಷ್ಟವಾಗಿತ್ತು. ಆಸ್ಪತ್ರೆಯವರು ‘ದಪ್ಪಗಾದ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ತೆಗೆದು ನರಕ್ಕೆ ಜಾಗ ಮಾಡುತ್ತೇವೆ, ನಡಿಗೆ ಪೂರ್ತಿ ಸರಿಯಾಗುತ್ತದೆ’ ಎಂದರು. ನೆಂಟರಿಗೆಲ್ಲ ನಾನೇ ಫೋನ್ ಮಾಡಿ ಹೇಳಿದೆ. ಈಗ ಅವರು ‘ಅಮ್ಮ ಓಡಾಡುತ್ತಿದ್ದಾರಾ?’ ಎಂದು ಕೇಳಿದರೆ ಮುಖ ಎಲ್ಲಿಡಲಿ?

ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದದ್ದು ಹಣವೆಲ್ಲ ಕಟ್ಟಿದ ಮೇಲೆ. ಬಿಲ್ಲಿಂಗ್ ಕೌಂಟರಿನ ಮುಂದೆ ನಿಂತೇ ಓದಿದೆ. ಎಲ್4-5 ಮಾತ್ರ! ಇನ್ನೊಂದನ್ನು ಮುಟ್ಟಿಯೇ ಇಲ್ಲ. ಕೇಳಿದರೆ ಕೌನ್ಸೆಲರ್ ಕಣ್ಣು ಮಿಟುಕಿಸದೆ, ‘ಪ್ಯಾಕೇಜ್ ಒಂದು ಲೆವೆಲ್‌ಗೆ ಸಾರ್’ ಎಂದರು. ಎರಡು ಕಡೆ ಒತ್ತಡವಿರುವುದು ನಿಮಗೆ ಗೊತ್ತಿರಲಿಲ್ಲವೇ ಎಂದೆ. ‘ವಯಸ್ಸಾಗಿದೆ, ತೂಕವೂ ಇದೆ, ಫಿಸಿಯೋಥೆರಪಿ ಮಾಡಿಸಿ.’ ಅದಕ್ಕೂ ಮೀರಿದ್ದು ಮುಂದಿನ ಮಾತು: ‘ಇನ್ನೊಂದಕ್ಕೆ ಬಂದರೆ ರಿಯಾಯಿತಿ ಕೊಡಿಸೋಣ.’ ನನ್ನ ಅಮ್ಮನ ಬೆನ್ನಿಗೆ ರಿಯಾಯಿತಿ!

ಒಪ್ಪಿಗೆ ಪತ್ರದ ಪ್ರತಿ ತೆಗೆಸಿದೆ. ನಾನು ಸಹಿ ಹಾಕುವಾಗ ಖಾಲಿ ಇದ್ದ ಸಾಲಿನಲ್ಲಿ ಎಲ್4-5 ಎಂದು ಬರೆದಿತ್ತು. ನನ್ನ ಸಹಿ ನೀಲಿ ಶಾಯಿ, ಆ ಬರಹ ಕಪ್ಪು.

ಎಂಡೋಸ್ಕೋಪಿ ವಿಧಾನದ ಮೇಲೆ ನನಗೆ ಸಿಟ್ಟಿಲ್ಲ. ಸರಿಯಾದ ರೋಗಿಗೆ ಅದು ಒಳ್ಳೆಯದೇ. ಸ್ನಾಯುಗಳಿಗೆ ಪೆಟ್ಟು ಕಡಿಮೆ. ಆದರೆ ಮೂಳೆ ಜಾರಿದೆಯೇ ಎಂದು ನೋಡಲು ನಿಂತು, ಬಾಗಿ ತೆಗೆಯುವ ಎಕ್ಸ್‌ರೇ ಕೂಡ ಇವರು ತೆಗೆಸಿರಲಿಲ್ಲ. ಎರಡನೇ ಅಭಿಪ್ರಾಯಕ್ಕೆ ಹೋದಾಗ ಆ ವೈದ್ಯರು ಮೊದಲು ಕೇಳಿದ್ದೇ ಅದನ್ನು.

ಎಂಆರ್‌ಐ ವರದಿಯ ಯಾವ ಯಾವ ಲೆವೆಲ್ ಮಾಡುತ್ತಾರೆ, ಯಾವುದನ್ನು ಏಕೆ ಬಿಡುತ್ತಾರೆ ಎಂದು ಶಸ್ತ್ರಚಿಕಿತ್ಸೆ ಮಾಡುವವರ ಬಾಯಿಂದಲೇ ಕೇಳಿ, ಬರೆಸಿಕೊಳ್ಳಿ. ಕೌನ್ಸೆಲರ್ ಮಾತು ಬೇಡವೇ ಬೇಡ. ಮಲ, ಮೂತ್ರದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಬಲ ಕುಂದುತ್ತಾ ಹೋದರೆ ಕಾಯದೆ ತುರ್ತು ವಿಭಾಗಕ್ಕೆ ಓಡಿ. ಉಳಿದಂತೆ ಎರಡನೇ ಅಭಿಪ್ರಾಯಕ್ಕೆ ಸಾಮಾನ್ಯವಾಗಿ ಸಮಯ ಇರುತ್ತದೆ, ‘ಈ ವಾರವೇ ಆಗಬೇಕು’ ಎಂದು ಅವರು ಎಷ್ಟೇ ಹೆದರಿಸಲಿ.

ವೈದ್ಯಕೀಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿ ನಿಯಮವಿದೆ. ಶಸ್ತ್ರಚಿಕಿತ್ಸೆಯ ವಿಡಿಯೊ ಸಮೇತ ಎಲ್ಲವನ್ನೂ ಲಿಖಿತವಾಗಿ ಕೇಳಿದ್ದೇನೆ. ‘ವಿಡಿಯೊ ಸಿಸ್ಟಂನಲ್ಲಿ ಉಳಿಯುವುದಿಲ್ಲ ಸಾರ್’ ಎಂಬ ಉತ್ತರ ಬಂದಿದೆ. ಅದನ್ನೂ ಬರೆದುಕೊಡಿ ಎಂದಿದ್ದೇನೆ.