ತಿಂಗಳಿಗೆ 500 ರೂಪಾಯಿ, ಒಂದು ವರ್ಷದ ಲೆಕ್ಕ

ನಮ್ಮೂರಿನ ಒಂದು ಮಹಿಳಾ ಸಂಸ್ಥೆಗೆ ವರ್ಷದಿಂದ ತಿಂಗಳಿಗೆ 500 ರೂಪಾಯಿ ಹಾಕ್ತಿದ್ದೇನೆ. ಮನೆಯಲ್ಲಿ ಹೊಡೆತ ತಿಂದು ಬರುವ ಹೆಣ್ಣುಮಕ್ಕಳಿಗೆ ಇವರೇ ಆಸರೆ. ನನ್ನ ಕಡೆಯಿಂದ ನಾಲ್ಕು ಸ್ಟಾರ್.

ಸರ್ಕಾರದ ಸಖಿ ಕೇಂದ್ರ ಇದೆಯಲ್ಲ, ಇವರಿಗ್ಯಾಕೆ ದುಡ್ಡು ಅಂತ ಮೊದಲು ನಾನೂ ಕೇಳಿದ್ದೆ. 2015ರಲ್ಲಿ ಶುರುವಾದ ಆ ಯೋಜನೆಗೆ ನಿರ್ಭಯಾ ನಿಧಿಯ ಹಣ ಇದೆ. ಚಿಕಿತ್ಸೆ, ಪೊಲೀಸ್, ವಕೀಲರು, ಕೌನ್ಸೆಲಿಂಗ್ ಎಲ್ಲ ಒಂದೇ ಕಡೆ. ಒಳ್ಳೆಯದೇ. ಆದರೆ ಅಲ್ಲಿ ಉಳಿಯೋದಕ್ಕೆ ಸಾಮಾನ್ಯವಾಗಿ ಐದೇ ದಿನ. ಆಮೇಲೆ ಬಾಡಿಗೆ ಮನೆಗೆ ಅಡ್ವಾನ್ಸ್, ಮಗುವಿನ ಶಾಲೆ, ಒಂದು ಕೆಲಸ, ಇದಕ್ಕೆಲ್ಲ ಜೊತೆಗೆ ಓಡಾಡೋರು ಯಾರು? ಕೌಟುಂಬಿಕ ದೌರ್ಜನ್ಯದ ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ 2005ರ ಕಾಯ್ದೆಯಲ್ಲೇ ಇದೆ, ಆದರೂ ವಾಯಿದೆ ಮೇಲೆ ವಾಯಿದೆ ಬೀಳುತ್ತೆ, ಅಷ್ಟೂ ದಿನ ಈ ಸಂಸ್ಥೆಯವರು ಕೋರ್ಟಿನ ಕಾರಿಡಾರಲ್ಲಿ ಪಕ್ಕದಲ್ಲಿ ಕೂತಿರ್ತಾರೆ. (ಶಕ್ತಿ ಯೋಜನೆಯಿಂದ ಬಸ್ ಚಾರ್ಜ್ ಉಳಿದಿದೆ, ಅಷ್ಟು ಸಮಾಧಾನ.)

ನನಗೆ ತುಂಬಾ ಇಷ್ಟವಾಗಿದ್ದು, ಯಾರ ಫೋಟೋನೂ ಕಳಿಸಲ್ಲ, ಯಾರ ಕಣ್ಣೀರ ಕಥೆಯನ್ನೂ ಮಾರಲ್ಲ. ಖರ್ಚಿನ ಪಟ್ಟಿ ಮಾತ್ರ ಬರುತ್ತೆ. ಅದರಲ್ಲಿ ಸಂಬಳದ ಬಾಬತ್ತೇ ಜಾಸ್ತಿ. ಕೌನ್ಸೆಲರ್‌ಗೆ ಸಂಬಳ ಕೊಡದೆ ಕೆಲಸ ನಡೆಯುತ್ತಾ, ಅಲ್ವಾ?

ಒಂದು ಸ್ಟಾರ್ ಕಡಿಮೆ ಯಾಕೆ ಅಂದ್ರೆ, ದೇಣಿಗೆಗೆ ತೆರಿಗೆ ವಿನಾಯಿತಿ ಕೇಳೋಕೆ ಬೇಕಾದ 80ಜಿ ರಸೀದಿಗೆ ಮೂರು ಸಲ ಫೋನ್ ಮಾಡಬೇಕಾಯ್ತು. ಹೊಸ ತೆರಿಗೆ ಪದ್ಧತಿಯಲ್ಲಿರೋರಿಗೆ ಅದು ಹೇಗೂ ಉಪಯೋಗಕ್ಕೆ ಬರಲ್ಲ ಬಿಡಿ.