‘ಗಟ್ ಮೈಕ್ರೋಬ್ಸ್’: ಓದಲು ಉಚಿತ, ಅರಗಿಸಿಕೊಳ್ಳಲು ತುಸು ಕಷ್ಟ

ಪದವಿ ತರಗತಿಗಳಿಗೆ ಸೂಕ್ಷ್ಮಾಣುಜೀವಿಶಾಸ್ತ್ರ ಪಾಠ ಮಾಡುವ ನಾನು, ಪ್ರೊಬಯಾಟಿಕ್ (ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಾಣುಜೀವಿಗಳು) ಬಗ್ಗೆ ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ತೆರೆಯುವ, ಕರುಳಿನ ಸೂಕ್ಷ್ಮಾಣುಜೀವಿಗಳಿಗೇ ಮೀಸಲಾದ ಸಂಶೋಧನಾ ಪತ್ರಿಕೆ ‘ಗಟ್ ಮೈಕ್ರೋಬ್ಸ್’. 2010ರಲ್ಲಿ ಅಮೆರಿಕದ ಲ್ಯಾಂಡಿಸ್ ಬಯೋಸೈನ್ಸ್ ಆರಂಭಿಸಿದ ಈ ಪತ್ರಿಕೆ ಈಗ ಟೇಲರ್ ಅಂಡ್ ಫ್ರಾನ್ಸಿಸ್ ಸಂಸ್ಥೆಯ ಕೈಯಲ್ಲಿದೆ. ಈಗ ಪ್ರಕಟವಾಗುವ ಲೇಖನಗಳೆಲ್ಲ ಮುಕ್ತವಾಗಿ ಸಿಗುವುದರಿಂದ, ಚಂದಾ ಕಟ್ಟುವ ಶಕ್ತಿಯಿಲ್ಲದ ಕಾಲೇಜಿನ ವಿದ್ಯಾರ್ಥಿಯೂ ಮೊಬೈಲಿನಲ್ಲೇ ಇಳಿಸಿಕೊಂಡು ಓದಬಹುದು. ಆ ಖರ್ಚು ಬೀಳುವುದು ಬರೆಯುವವರ ಮೇಲೆ. ಸಾವಿರಾರು ಡಾಲರ್‌ ಶುಲ್ಕವನ್ನು ನಮ್ಮಂಥ ಸಣ್ಣ ವಿಭಾಗಗಳು ಎಲ್ಲಿಂದ ತರಬೇಕು?

ನಾರಿನಂಶವನ್ನು ಬ್ಯಾಕ್ಟೀರಿಯಾಗಳು ಹುದುಗಿಸಿದಾಗ ಹುಟ್ಟುವ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಹೇಗೆ ಆಹಾರವಾಗುತ್ತದೆ, ಕೊಬ್ಬು ಜೀರ್ಣವಾಗಲು ನೆರವಾಗುವ ಪಿತ್ತಾಮ್ಲಗಳನ್ನು ಬ್ಯಾಕ್ಟೀರಿಯಾಗಳು ಹೇಗೆ ಬದಲಿಸುತ್ತವೆ ಎಂಬಂಥ ಒಳಗಿನ ಕೆಲಸವನ್ನು ವಿವರಿಸುವುದೇ ಈ ಪತ್ರಿಕೆಯ ಬಲ. ಬೇರೆ ಪತ್ರಿಕೆಯಲ್ಲಿ ಪ್ರಕಟವಾದ ತಮ್ಮದೇ ಸಂಶೋಧನೆಗೆ ಲೇಖಕರು ಇಲ್ಲಿ ಬರೆಯುವ ‘ಅಡೆಂಡಮ್’ ಎಂಬ ಪುರವಣಿ ಬರಹಗಳು ನನಗೆ ವಿಶೇಷವಾಗಿ ಇಷ್ಟ.

ಚಿತ್ರಗಳನ್ನು ಮಾತ್ರ ಎಚ್ಚರದಿಂದ ನೋಡಬೇಕು. ಬಣ್ಣದ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದ ಕಂಬಗಳಲ್ಲಿ ಒಂದೊಂದು ಬಣ್ಣವೂ ಒಂದೊಂದು ಬ್ಯಾಕ್ಟೀರಿಯಾ ಕುಲ (ಜೀನಸ್). ಕಂಬದ ಒಟ್ಟು ಎತ್ತರ ಯಾವಾಗಲೂ ಶೇ. 100 ಆಗಿರುವುದರಿಂದ, ಒಂದು ಕುಲದ ಪಾಲು ಏರಿದರೆ ಉಳಿದವುಗಳ ಪಾಲು ಇಳಿಯಲೇಬೇಕು. ಅವುಗಳ ನಿಜವಾದ ಸಂಖ್ಯೆ ಕಡಿಮೆಯಾಗಿದೆ ಎಂದು ಅದರಿಂದ ಹೇಳಲಾಗದು.

‘ಮನೆಯ ಮೊಸರು ಪ್ರೊಬಯಾಟಿಕ್ ಅಲ್ಲವೇ ಸರ್?’ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಲಾಭ ಕೊಡುವ ಜೀವಂತ ಸೂಕ್ಷ್ಮಾಣುಜೀವಿಗಳೇ ಪ್ರೊಬಯಾಟಿಕ್; ಹೆಪ್ಪಿನಲ್ಲಿರುವ ತಳಿ ಯಾವುದು, ಎಷ್ಟಿದೆ ಎಂಬುದೇ ಗೊತ್ತಿಲ್ಲದಾಗ ಹೌದೆನ್ನುವುದು ಹೇಗೆ? ತಳಿಯ ಹೆಸರು ಹಿಡಿದು ಹುಡುಕುವವರಿಗೆ ಇನ್ನೊಂದು ತೊಡಕಿದೆ. 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲ ಒಡೆದು ಹಲವು ಕುಲಗಳಾದ ಮೇಲೆ ಪಠ್ಯಪುಸ್ತಕದ ಲ್ಯಾಕ್ಟೋಬ್ಯಾಸಿಲಸ್ ಕೇಸಿ ಈಗ ಲ್ಯಾಕ್ಟಿಕೇಸಿಬ್ಯಾಸಿಲಸ್ ಕೇಸಿ ಆಗಿದೆ. ಎರಡೂ ಹೆಸರಿನಲ್ಲಿ ಹುಡುಕದಿದ್ದರೆ ಅರ್ಧ ಲೇಖನಗಳು ಕೈತಪ್ಪುತ್ತವೆ.

ನನ್ನ ದೊಡ್ಡ ಆಕ್ಷೇಪವೆಂದರೆ ಇಲಿಗಳ ಮೇಲಿನ ಪ್ರಯೋಗಗಳ ಭರಾಟೆ. ಒಂದೇ ಪಂಜರದ ಇಲಿಗಳು ಪರಸ್ಪರರ ಹಿಕ್ಕೆ ತಿಂದು ಬ್ಯಾಕ್ಟೀರಿಯಾಗಳನ್ನೂ ಹಂಚಿಕೊಳ್ಳುತ್ತವೆ. ಆದ್ದರಿಂದ ಎಷ್ಟು ಇಲಿಗಳು ಎಂಬುದರ ಜೊತೆಗೆ ಎಷ್ಟು ಪಂಜರಗಳು ಎಂಬುದನ್ನೂ ವಿಧಾನದ ಭಾಗದಲ್ಲಿ ನೋಡುವುದು ನನ್ನ ರೂಢಿ. ಮನುಷ್ಯರ ಮೇಲಿನ ದೊಡ್ಡ ಪ್ರಯೋಗಗಳಿಗೆ ಬೇರೆಡೆ ನೋಡಬೇಕಾಗುತ್ತದೆ: ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದು, ಪ್ರೊಬಯಾಟಿಕ್ ಬ್ಯಾಕ್ಟೀರಿಯಾ ಕೊಟ್ಟಾಗ ನಂಜು (ಸೆಪ್ಸಿಸ್) ಅಥವಾ ಸಾವಿನ ಪ್ರಮಾಣ ಶೇ. 9ರಿಂದ 5.4ಕ್ಕೆ ಇಳಿದುದನ್ನು ತೋರಿಸಿದ ಪ್ರಯೋಗ 2017ರಲ್ಲಿ ಪ್ರಕಟವಾದದ್ದು ‘ನೇಚರ್’ನಲ್ಲಿ. ಅಂಥದ್ದನ್ನೇ ಅರಸಿ ಬರುವ ವೈದ್ಯರಿಗಿಂತ, ಕಾರಣ ಹುಡುಕುವ ಸ್ನಾತಕೋತ್ತರ ವಿದ್ಯಾರ್ಥಿಗೆ ಈ ಪತ್ರಿಕೆ ಹೆಚ್ಚು ಒದಗುತ್ತದೆ. ಆ ವಿದ್ಯಾರ್ಥಿಯೂ ಮೊದಲು, ಹಲವು ಸಂಶೋಧನೆಗಳನ್ನು ಒಟ್ಟುಗೂಡಿಸಿ ಹೇಳುವ ಸಮೀಕ್ಷಾ ಲೇಖನಗಳಿಂದ ಶುರು ಮಾಡಲಿ.