ಪ್ರೋಗ್ರಾಮಿಂಗ್ ಭಾಷೆಗಳ ಗಣಿತ: ಪೆನ್ನು ಕಾಗದವೋ, ಕಾಕ್ ಸಾಫ್ಟ್‌ವೇರೋ, ಇಂಟರ್‌ಪ್ರಿಟರೋ?

ಕಲಬುರಗಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರಿಗೆ ಟ್ಯೂರಿಂಗ್ ಮಷೀನ್, ಅಂದರೆ ಲೆಕ್ಕ ಮಾಡುವ ಯಂತ್ರದ ಗಣಿತದ ಮಾದರಿ, ಗೊತ್ತು. ಆಟೊಮ್ಯಾಟಾ ಥಿಯರಿ ಪೇಪರ್‌ನಲ್ಲಿ ಅದು ಬಂದೇ ಬರುತ್ತದೆ. ಆದರೆ ಟ್ಯೂರಿಂಗ್ ಬಿಡಿಸಿದ ಪ್ರಶ್ನೆಯನ್ನೇ (ಲಾಜಿಕ್‌ನ ಯಾವುದೇ ಹೇಳಿಕೆ ಸಾಬೀತಾಗುತ್ತದೋ ಇಲ್ಲವೋ ಅಂತ ಯಾಂತ್ರಿಕವಾಗಿ ಹೇಳುವ ವಿಧಾನ ಇದೆಯಾ?) ಅದೇ 1936ರಲ್ಲಿ ಅಲೊಂಜೊ ಚರ್ಚ್ ಲ್ಯಾಂಬ್ಡಾ ಕ್ಯಾಲ್ಕುಲಸ್, ಅಂದರೆ ಬರೀ ಫಂಕ್ಷನ್‌ಗಳಿಂದ ಲೆಕ್ಕ ಮಾಡುವ ಪುಟ್ಟ ಭಾಷೆ, ಮೂಲಕ ಬಿಡಿಸಿದ್ದರು. ಗೇಟ್ ಪರೀಕ್ಷೆಯ ಸಿಲಬಸ್‌ನಲ್ಲಿ ಪಾರ್ಸಿಂಗ್ (ಕೋಡ್‌ನ ವ್ಯಾಕರಣ ಬಿಡಿಸುವುದು) ಇದೆ, ಲ್ಯಾಂಬ್ಡಾ ಕ್ಯಾಲ್ಕುಲಸ್ ಇಲ್ಲ. ಟೈಪ್ ಥಿಯರಿಯೂ ಇಲ್ಲ; ಟೈಪ್ ಅಂದರೆ ಒಂದು ಮೌಲ್ಯ ಸಂಖ್ಯೆಯೋ, ಪದವೋ, ಯಾವ ಬಗೆಯದು ಅನ್ನುವುದು. ಬೇಕು ಅಂದವರು ತಾವೇ ಕೂತು ಓದಬೇಕು.

ಇದನ್ನೆಲ್ಲ ಯಾಕೆ ಓದಬೇಕು ಅಂತ ಜೂನಿಯರ್‌ಗಳು ಕೇಳುತ್ತಾರೆ. ನಾನು ಜಾವಾ ತೋರಿಸುತ್ತೇನೆ. ಒಂದು ಸ್ಟ್ರಿಂಗ್ ಅರೇ (ಪದಗಳ ಪಟ್ಟಿ) ಮಾಡಿ. ಅದನ್ನು ಆಬ್ಜೆಕ್ಟ್ ಅರೇ (ಯಾವ ಬಗೆಯ ಆಬ್ಜೆಕ್ಟ್ ಆದರೂ ಇರಬಹುದಾದ ಪಟ್ಟಿ) ಅಂತ ಇನ್ನೊಂದು ಹೆಸರಿಗೆ ಕೊಡಿ. ಆ ಹೆಸರಿನಿಂದ ಒಳಗೆ ಒಂದು ಇಂಟಿಜರ್ ಹಾಕಿ. ಕಂಪೈಲರ್ ತಕರಾರು ಮಾಡುವುದಿಲ್ಲ. ಓಡಿಸಿದಾಗ ಅರೇ ಸ್ಟೋರ್ ಎಕ್ಸೆಪ್ಷನ್ ಅನ್ನುವ ದೋಷ ಬರುತ್ತದೆ. ಟೈಪ್ ನೋಡಿ ಒಪ್ಪಿದ ಪ್ರೋಗ್ರಾಮ್ ಯಾಕೆ ಹೀಗೆ ಬಿತ್ತು? ಯಾವ ಭಾಷೆಯಲ್ಲಿ ಹೀಗೆ ಬೀಳುವುದೇ ಇಲ್ಲ ಅಂತ ಗ್ಯಾರಂಟಿ ಕೊಡಬಹುದು? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ನಾನು ಮೂರು ದಾರಿ ಹಿಡಿದು ನೋಡಿದೆ. ಮೂರೂ ಒಂದೇ ತರಹದವರಿಗೆ ಅಲ್ಲ.

ಮೊದಲನೆಯದು ಪೆನ್ನು, ಕಾಗದ ಮತ್ತು ಬೆಂಜಮಿನ್ ಪಿಯರ್ಸ್ ಅವರ 'ಟೈಪ್ಸ್ ಆ್ಯಂಡ್ ಪ್ರೋಗ್ರಾಮಿಂಗ್ ಲ್ಯಾಂಗ್ವೇಜಸ್' (2002). ಈ ಪುಸ್ತಕದ ಆರಂಭವೇ ನನಗೆ ಬಹಳ ಇಷ್ಟ. ಅಲ್ಲಿರುವ ಭಾಷೆ ತೀರಾ ಸಣ್ಣದು: ನಿಜ, ಸುಳ್ಳು, ಸೊನ್ನೆ, ಒಂದು ಕೂಡು, ಒಂದು ಕಳೆ, ಸೊನ್ನೆಯಾ ಅಂತ ನೋಡು, ಹೀಗಾದರೆ ಹಾಗೆ. ಅಷ್ಟೇ. 'ನಿಜ'ಕ್ಕೆ ಒಂದು ಕೂಡು ಅಂದರೆ ಮುಂದಿನ ಹೆಜ್ಜೆಯೇ ಇಲ್ಲ, ಪ್ರೋಗ್ರಾಮ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಟೈಪ್ ನಿಯಮಗಳು ಬರುತ್ತವೆ, ಅವುಗಳ ಹಿಂದೆ ಎರಡು ಪ್ರಮೇಯ. ಟೈಪ್ ಸರಿ ಇರುವ ಪ್ರೋಗ್ರಾಮ್ ಒಂದೋ ಉತ್ತರ ಆಗಿರುತ್ತದೆ, ಇಲ್ಲವೇ ಇನ್ನೊಂದು ಹೆಜ್ಜೆ ಇಡುತ್ತದೆ. ಇದು ಪ್ರೋಗ್ರೆಸ್. ಹೆಜ್ಜೆ ಇಟ್ಟ ಮೇಲೂ ಟೈಪ್ ಕೆಡುವುದಿಲ್ಲ. ಇದು ಪ್ರಿಸರ್ವೇಶನ್. ಎರಡೂ ಸೇರಿದರೆ ಪ್ರೋಗ್ರಾಮ್ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ ಅಂತ ಸಿಗುತ್ತದೆ. 'ಟೈಪ್ ಸರಿ ಇದ್ದ ಪ್ರೋಗ್ರಾಮ್ ದಾರಿ ತಪ್ಪದು' ಅಂತ 1978ರಲ್ಲಿ ರಾಬಿನ್ ಮಿಲ್ನರ್ ಹೇಳಿದ್ದರು. ಇವತ್ತು ನಾವು ಕಲಿಯುವ ಈ ಎರಡು ಪ್ರಮೇಯದ ರೂಪ ರೈಟ್ ಮತ್ತು ಫೆಲೈಸನ್ 1994ರಲ್ಲಿ ಕೊಟ್ಟಿದ್ದು.

ಈ ಪ್ರೂಫ್‌ಗಳನ್ನು ಕೈಯಿಂದ ಬರೆದರೆ ಆಕಾರ ಮನಸ್ಸಿಗೆ ಕೂರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ಮುಟ್ಟಿ ಕರೆಂಟ್ ಹೋದಾಗಲೂ ಈ ಓದು ನಿಲ್ಲುವುದಿಲ್ಲ, ಅದೂ ಒಂದು ಲಾಭವೇ. ಅಭ್ಯಾಸದ ಲೆಕ್ಕಗಳಿಗೆ ಕಷ್ಟ ನೋಡಿ ನಕ್ಷತ್ರ ಹಾಕಿದ್ದಾರೆ, ಕೆಲವಕ್ಕೆ ಹಿಂದೆ ಉತ್ತರವೂ ಇದೆ. ಆದರೆ ನಿಮ್ಮ ಪ್ರೂಫ್ ತಿದ್ದುವವರು ಯಾರು? ಪಕ್ಕದಲ್ಲಿ ಬಲ್ಲವರು ಒಬ್ಬರಿದ್ದರೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಇಲ್ಲದಿದ್ದರೆ ತೂತು ಇದ್ದ ಪ್ರೂಫ್ ಕೂಡ ಕಾಗದದ ಮೇಲೆ ಚೆಂದವಾಗೇ ಕಾಣುತ್ತದೆ.

ಎರಡನೇ ದಾರಿ ಕಾಕ್ ಬರುವುದು ಇಲ್ಲಿ. ಇದು ಪ್ರೂಫ್ ಪರೀಕ್ಷಿಸುವ ಸಾಫ್ಟ್‌ವೇರ್. 2025ರಿಂದ ಇದರ ಹೆಸರು ರಾಕ್ ಅಂತ ಆಗಿದೆ, ಹಳಬರ ಬಾಯಲ್ಲಿ ಇನ್ನೂ ಕಾಕ್. ಇದರ ಮೇಲೆ ಕಲಿಸುವ 'ಸಾಫ್ಟ್‌ವೇರ್ ಫೌಂಡೇಶನ್ಸ್' ಪುಸ್ತಕಗಳು ನೆಟ್‌ನಲ್ಲಿ ಪೂರ್ತಿ ಉಚಿತ. ಅದರ ಮೊದಲ ಸಂಪುಟದಲ್ಲಿ ಒಂದು ಸಣ್ಣ ಲೆಕ್ಕ ಇದೆ: ಎರಡು ಸಂಖ್ಯೆಗಳ ದುಪ್ಪಟ್ಟು ಒಂದೇ ಆದರೆ ಆ ಸಂಖ್ಯೆಗಳೂ ಒಂದೇ. ಸುಲಭ ಅನಿಸುತ್ತೆ ಅಲ್ವಾ? ಇದನ್ನು ಇಂಡಕ್ಷನ್‌ನಿಂದ ಮಾಡಬೇಕು, ಅಂದರೆ ಸೊನ್ನೆಗೆ ತೋರಿಸಿ, ಒಂದು ಸಂಖ್ಯೆಗೆ ನಿಜ ಅಂತ ಊಹಿಸಿ ಅದರ ಮುಂದಿನದಕ್ಕೂ ನಿಜ ಅಂತ ತೋರಿಸಬೇಕು. ಇಂಡಕ್ಷನ್ ಶುರು ಮಾಡುವ ಮುಂಚೆಯೇ ಎರಡನೇ ಸಂಖ್ಯೆಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ, ಇಂಡಕ್ಷನ್ ಊಹೆ ಆ ಒಂದೇ ಸಂಖ್ಯೆಗೆ ಅಂಟಿಕೊಳ್ಳುತ್ತದೆ. ಮುಂದಿನ ಹೆಜ್ಜೆಯಲ್ಲಿ ಬೇಕಾಗುವುದು ಬೇರೆ ಸಂಖ್ಯೆ. ಪ್ರೂಫ್ ಅಲ್ಲಿಂದ ಅಲ್ಲಾಡುವುದಿಲ್ಲ. ಎರಡನೆಯದನ್ನು 'ಯಾವುದೇ ಸಂಖ್ಯೆ' ಅಂತ ಬಿಟ್ಟೇ ಇಂಡಕ್ಷನ್ ಮಾಡಬೇಕು. ಕಾಗದದಲ್ಲಿ ನಾವು 'ಇಂಡಕ್ಷನ್ ಪ್ರಕಾರ' ಅಂತ ಬರೆದು ಮುಂದೆ ಹೋಗಿಬಿಡುತ್ತೇವೆ. ಕಾಕ್ ಹೋಗೋಕೆ ಬಿಡುವುದಿಲ್ಲ. ಇಂಡಕ್ಷನ್ ಅಂದರೆ ಏನು ಅಂತ ನನಗೆ ನಿಜವಾಗಿ ಕಲಿಸಿದ್ದು ಈ ಲೆಕ್ಕ.

ಕಾಕ್‌ಗೂ ಒಂದು ಅಪಾಯ ಇದೆ. 'ಆಟೊ' ಅಂತ ಒಂದು ಆಜ್ಞೆ ಹೊಡೆದರೆ ಕೆಲವು ಪ್ರೂಫ್ ತಾನೇ ಮುಗಿಯುತ್ತದೆ. ಪರದೆ ಮೇಲೆ ಬಾಕಿ ಏನೂ ಇಲ್ಲ ಅಂತ ಬರುತ್ತದೆ, ಯಾಕೆ ಮುಗಿಯಿತು ಅಂತ ಕೇಳಿದರೆ ಬಾಯಿ ಬರುವುದಿಲ್ಲ. ಅದಕ್ಕೆ ನನ್ನ ಪದ್ಧತಿ: ಪ್ರೂಫ್ ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಅದನ್ನೇ ನಾಲ್ಕು ಸಾಲು ಕನ್ನಡದಲ್ಲಿ ಬರೆಯುವುದು. ಬರೆಯೋಕೆ ಬಂದರೆ ಅರ್ಥ ಆಗಿದೆ.

ಮೂರನೆಯದು ಸ್ವಂತ ಇಂಟರ್‌ಪ್ರಿಟರ್, ಅಂದರೆ ಒಂದು ಭಾಷೆಯ ಕೋಡ್ ಓದಿ ಓಡಿಸುವ ಪ್ರೋಗ್ರಾಮ್, ಬರೆಯುವುದು. ಕೋಡ್ ಬರೆಯೋಕೆ ಇಷ್ಟ ಇರುವವರಿಗೆ ಬೇಗ ಖುಷಿ ಸಿಗುವ ದಾರಿ. ಎಕ್ಸ್ ತೆಗೆದುಕೊಂಡು, ಆಮೇಲೆ ವೈ ತೆಗೆದುಕೊಂಡು, ಎಕ್ಸ್ ವಾಪಸ್ ಕೊಡುವ ಫಂಕ್ಷನ್ ಇದೆ ಅನ್ನಿ. ಅದಕ್ಕೆ ಹೊರಗಿನ ಇನ್ನೊಂದು 'ವೈ' ಕೊಟ್ಟು, ಎಕ್ಸ್ ಇದ್ದ ಕಡೆ ಸುಮ್ನೆ ವೈ ಬದಲಿಸಿದರೆ ಹೊರಗಿನ ವೈ ಒಳಗಿನ ವೈ ಕೈಗೆ ಸಿಕ್ಕಿಬೀಳುತ್ತದೆ. ಉತ್ತರ ತಪ್ಪು. ಒಮ್ಮೆ ಓಡಿಸಿ ನೋಡಿದವರು ಇದನ್ನು ಮರೆಯುವುದಿಲ್ಲ. 1972ರಲ್ಲಿ ಗಣಿತಜ್ಞ ಡಿ ಬ್ರೌನ್ ಅವರು ಎಕ್ಸ್, ವೈ ತರಹದ ಹೆಸರುಗಳ ಬದಲು ಅಂಕಿ ಬಳಸುವ ವಿಧಾನ ಕೊಟ್ಟಿದ್ದು ಯಾಕೆ ಅಂತಲೂ ತಿಳಿಯುತ್ತದೆ. ಆದರೆ ಇಂಟರ್‌ಪ್ರಿಟರ್ ಓಡಿತು ಅಂದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಬಿಡಿಬಿಡಿ ಉದಾಹರಣೆ ಸರಿ ಬಂದವು, ಅಷ್ಟೇ. ಇದನ್ನು ಜೊತೆಗೆ ಇಟ್ಟುಕೊಳ್ಳಬೇಕು, ಇದೊಂದನ್ನೇ ನಂಬಬಾರದು.

ನನ್ನ ಆಯ್ಕೆ ಕೇಳಿದರೆ, ಕಲಬುರಗಿಯಲ್ಲೋ ಯಾದಗಿರಿಯಲ್ಲೋ ಒಬ್ಬರೇ ಕೂತು ಓದುವವರು ಕಾಕ್‌ನಿಂದ ಶುರು ಮಾಡಿ. ತಿದ್ದುವ ಮೇಷ್ಟ್ರು ಹತ್ತಿರ ಇಲ್ಲದಿದ್ದಾಗ ಇಷ್ಟು ತಾಳ್ಮೆಯಿಂದ ತಿದ್ದುವುದು ಅದೊಂದೇ. ಮೊದಲ ಸಂಪುಟದ ಇಂಡಕ್ಷನ್, ಲಾಜಿಕ್ ಅಧ್ಯಾಯಗಳು ಕೈಗೆ ಬಂದ ಮೇಲೆ ಪಿಯರ್ಸ್ ಪುಸ್ತಕ ಹಿಡಿದು ಆ ಸಣ್ಣ ಭಾಷೆಯ ಎರಡು ಪ್ರಮೇಯವನ್ನು ಕಾಗದದಲ್ಲಿ ಮಾಡಿ. ಇಬ್ಬರು ಮೂವರು ಗೆಳೆಯರು ಸಿಕ್ಕಿದರೆ ಕಾಗದವೇ ಮೊದಲು, ಒಬ್ಬರದ್ದನ್ನು ಇನ್ನೊಬ್ಬರು ತಿದ್ದಿ. ಡಾನಾ ಸ್ಕಾಟ್ ಮತ್ತು ಕ್ರಿಸ್ಟೊಫರ್ ಸ್ಟ್ರೇಚಿ ಕಟ್ಟಿದ ಡಿನೋಟೇಶನಲ್ ಸೆಮ್ಯಾಂಟಿಕ್ಸ್ (ಪ್ರೋಗ್ರಾಮ್‌ನ ಅರ್ಥವನ್ನು ಗಣಿತದ ವಸ್ತುವಾಗಿ ಹೇಳುವ ವಿಧಾನ) ಕಡೆ ಆಮೇಲೆ ಹೋಗಿ. ಅಲ್ಲಿ ಗಣಿತ ಜಾಸ್ತಿ. ಎಂ.ಎಸ್ಸಿ ಗಣಿತ ಓದುವವರು ಯಾರಾದರೂ ಪರಿಚಯ ಇದ್ದರೆ ಅವರನ್ನೂ ಕರೆದುಕೊಂಡೇ ಕೂರಿ.